ಕಾನೆಕಿ ಯಾಕೆ ಮಾತು ನಿಲ್ಲಿಸಿದ?

ಪ್ರಶ್ನೆ: ಜಪಾನಿನ ಅನಿಮೆ ಸರಣಿ ‘ಟೋಕಿಯೋ ಗೂಲ್’ನ ಮೊದಲ ಸೀಸನ್ನನ್ನು ಎರಡು ರಾತ್ರಿ ನಿದ್ದೆಗೆಟ್ಟು ನೋಡಿದೆ. ಕೊನೆಯ ಕಂತು ಮುಗಿದಾಗ ಕೈ ನಡುಗುತ್ತಿತ್ತು. ಅದೇ ಉತ್ಸಾಹದಲ್ಲಿ ಎರಡನೆಯ ಸೀಸನ್ ‘ರೂಟ್ ಎ’ ನೋಡಲು ಕುಳಿತೆ. 12 ಕಂತು ಮುಗಿದರೂ ಕಥಾನಾಯಕ ಏನು ಮಾಡಲು ಹೊರಟಿದ್ದ ಎಂಬುದೇ ತಿಳಿಯಲಿಲ್ಲ. ಇದು ನನ್ನ ಗ್ರಹಿಕೆಯ ದೋಷವೋ, ಸರಣಿಯದೋ? ಮೂಲ ಮಂಗಾವನ್ನು, ಅಂದರೆ ಜಪಾನಿ ಕಾಮಿಕ್ಸನ್ನು, ಬಿಟ್ಟು ಹೋದದ್ದೇ ಕಾರಣ ಎಂದು ಗೆಳೆಯರು ಹೇಳುತ್ತಾರೆ. ನಿಜವೇ? ಮುಂದಿನ ಸೀಸನ್ ನೋಡಲೇ, ಬಿಡಲೇ?

ಉತ್ತರ: ದೋಷ ನಿಮ್ಮ ಗ್ರಹಿಕೆಯದಲ್ಲ. 2015ರ ಜನವರಿಯಿಂದ ಮಾರ್ಚ್‌ವರೆಗೆ ‘ರೂಟ್ ಎ’ ಪ್ರಸಾರವಾಗುತ್ತಿದ್ದಾಗ ಅದನ್ನು ವಾರ ವಾರ ಕಾದು ನೋಡಿದವರಲ್ಲಿ ನಾನೂ ಒಬ್ಬ. ಕಥಾನಾಯಕ ಕಾನೆಕಿ ತನ್ನನ್ನು ಹಿಂಸಿಸಿದವರ ಗುಂಪಿಗೇ ಯಾಕೆ ಸೇರಿದ ಎಂಬುದು ಮುಂದಿನ ವಾರ ತಿಳಿಯುತ್ತದೆ ಎಂದುಕೊಂಡೇ ಹನ್ನೊಂದು ವಾರ ಕಳೆದೆ. ಹನ್ನೆರಡನೆಯ ವಾರವೂ ತಿಳಿಯಲಿಲ್ಲ. ಆ ನಿರಾಸೆ ಇಷ್ಟು ವರ್ಷವಾದರೂ ಮನಸ್ಸಿನಲ್ಲಿ ಹಾಗೇ ಇದೆ, ಹಾಗಾಗಿ ನಿಮ್ಮ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಮೊದಲು ಗೆಳೆಯರ ಮಾತಿಗೆ ಬರೋಣ. ಮಂಗಾವನ್ನು ಬಿಟ್ಟು ಹೋದದ್ದೇ ತಪ್ಪು ಎಂಬುದನ್ನು ನಾನು ಒಪ್ಪುವುದಿಲ್ಲ. 2003ರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಸರಣಿಯನ್ನೇ ನೋಡಿ. ಹಿರೊಮು ಅರಕಾವಾ ಅವರ ಮಂಗಾ ಆಗಿನ್ನೂ ನಡುದಾರಿಯಲ್ಲಿತ್ತು; ಅದು ಮುಗಿದದ್ದು 2010ರಲ್ಲಿ. ಬೋನ್ಸ್ ಸ್ಟುಡಿಯೋ ತನ್ನದೇ ಕಥೆ ಕಟ್ಟಿಕೊಂಡು 51 ಕಂತುಗಳಲ್ಲಿ ಮುಗಿಸಿತು. ಸತ್ತವರನ್ನು ರಸವಿದ್ಯೆಯಿಂದ ಬದುಕಿಸಲು ಹೋಗಿ ಸೋತವರ ಪಾಪವೇ ರೂಪ ತಾಳಿ ಖಳರಾಗಿ ಎದುರು ನಿಲ್ಲುತ್ತದೆ ಎಂಬುದು ಆ ಸರಣಿ ತಾನೇ ಹುಟ್ಟಿಸಿಕೊಂಡ ಕಲ್ಪನೆ. ಮೂಲದಲ್ಲಿ ಹಾಗಿಲ್ಲ. ಆದರೂ ತಾಯಿಯನ್ನು ಬದುಕಿಸಲು ಹೋಗಿ ದೇಹ ಕಳೆದುಕೊಂಡ ಅಣ್ಣತಮ್ಮಂದಿರ ಕಥೆಗೆ ಅದು ಎಷ್ಟು ಹೊಂದುತ್ತದೆಂದರೆ, ಮೂಲಕ್ಕೆ ನಿಷ್ಠವಾದ ಇನ್ನೊಂದು ಸರಣಿ 2009ರಲ್ಲಿ ಬಂದ ಮೇಲೂ ಹಳೆಯದನ್ನೇ ಮೆಚ್ಚುವವರು ಇದ್ದಾರೆ. ದಾರಿ ಬದಲಿಸುವುದು ತಪ್ಪಲ್ಲ. ಬದಲಿಸಿದ ದಾರಿಯಲ್ಲಿ ನಡೆಯುವವನ ಮನಸ್ಸಿನಲ್ಲಿ ಏನಿದೆ ಎಂದು ತೋರಿಸದೆ ಹೋದದ್ದು ‘ರೂಟ್ ಎ’ಯ ತಪ್ಪು.

ಅದು ಹೇಗೆ ಎಂದು ಹೇಳಬೇಕಾದರೆ ಮೊದಲ ಸೀಸನ್ ನಿಮ್ಮನ್ನು ಹಿಡಿದಿಟ್ಟದ್ದು ಯಾವುದರಿಂದ ಎಂಬುದನ್ನು ನೆನಪಿಸಿಕೊಳ್ಳಬೇಕು. ರಕ್ತದಿಂದಲ್ಲ. ಟೀವಿ ಪ್ರಸಾರದಲ್ಲಿ ಕ್ರೂರ ದೃಶ್ಯಗಳ ಬಣ್ಣವನ್ನೇ ತಿರುಗಿಸಿ, ಕತ್ತಲು ಬಳಿದು ಮುಚ್ಚಿದ್ದರು. ಆದರೂ ಸರಣಿ ಜನರನ್ನು ಹಿಡಿಯಿತು. ಹಿಡಿದದ್ದು ಕಾನೆಕಿಯ ಒಳಮಾತು. ಸಾಹಿತ್ಯ ಓದುವ, ಹೆದರುಪುಕ್ಕಲ ಕಾಲೇಜು ಹುಡುಗ. ಮನುಷ್ಯರನ್ನು ತಿನ್ನುವ ‘ಗೂಲ್’ ಕುಲದ ರಿಜೆ ಎಂಬ ಹೆಣ್ಣಿನ ಅಂಗಾಂಗಗಳನ್ನು ಅವನ ಹೊಟ್ಟೆಯೊಳಗೆ ಕಸಿ ಮಾಡಲಾಗುತ್ತದೆ. ಆಸ್ಪತ್ರೆಯಿಂದ ಬಂದವನು ಊಟ ಬಾಯಿಗಿಟ್ಟರೆ ವಾಂತಿ. ಇಷ್ಟದ ತಿನಿಸೇ ಕೊಳೆತ ರುಚಿ ಕೊಡುತ್ತದೆ. ಗೂಲ್‌ಗಳಿಗೆ ಮನುಷ್ಯಮಾಂಸವನ್ನು ಬಿಟ್ಟರೆ ಸೇರುವುದು ಕಾಫಿ ಒಂದೇ. ಹಾಗಾಗಿ 20ನೇ ವಾರ್ಡಿನ ‘ಅಂತೇಕು’ ಎಂಬ ಕಾಫಿ ಅಂಗಡಿ ಅವನಿಗೆ ಮನೆಯಾಗುತ್ತದೆ. ಈ ಒಂದೊಂದು ಹೆಜ್ಜೆಯಲ್ಲೂ ಅವನಿಗೆ ಏನನಿಸುತ್ತಿದೆ ಎಂಬುದು ನಮಗೆ ಗೊತ್ತಾಗುತ್ತಿರುತ್ತದೆ. ಹಸಿವೆಯಿಂದ ಅವನು ಜೊಲ್ಲು ಒರೆಸಿಕೊಳ್ಳುವಾಗ ಅವನ ಅಸಹ್ಯವೂ ನಮ್ಮದಾಗುತ್ತದೆ. ಕಾನೆಕಿಗೆ ದನಿ ಕೊಟ್ಟ ನತ್ಸುಕಿ ಹನಾಎ ಅವರ ಉಸಿರಾಟವನ್ನು ಕೇಳಿದರೆ ಸಾಕು, ಸಬ್‌ಟೈಟಲ್ ಓದಬೇಕಾಗಿಲ್ಲ.

ನಿಮ್ಮ ಕೈ ನಡುಗಿಸಿದ ಹನ್ನೆರಡನೆಯ ಕಂತಿನ ಬಹುಪಾಲು ಒಂದೇ ಕೋಣೆಯಲ್ಲಿ ನಡೆಯುತ್ತದೆ. ಕುರ್ಚಿಗೆ ಕಟ್ಟಿದ ಹುಡುಗ. ಎದುರಿಗೆ ಆವೊಗಿರಿ ಎಂಬ ಗೂಲ್ ಸಂಘಟನೆಯ ಯಾಮೊರಿ. ಬೆರಳು ಕತ್ತರಿಸುತ್ತಾನೆ, ಅದು ಮತ್ತೆ ಬೆಳೆಯುತ್ತದೆ, ಮತ್ತೆ ಕತ್ತರಿಸುತ್ತಾನೆ. ಹುಚ್ಚು ಹಿಡಿದು ನೋವೇ ತಿಳಿಯದಂತಾಗಬಾರದೆಂದು ಸಾವಿರದಿಂದ ಏಳೇಳು ಕಳೆಯುತ್ತಾ ಎಣಿಸಲು ಹೇಳುತ್ತಾನೆ. ಆ ನೋವಿನ ನಡುವೆ ಕಾನೆಕಿಯ ತಲೆಯೊಳಗೆ ರಿಜೆ ಬಂದು ಕೂರುತ್ತಾಳೆ, ಅವನ ತಾಯಿಯ ಮಾತನ್ನು ಎತ್ತುತ್ತಾಳೆ. ಇನ್ನೊಬ್ಬರನ್ನು ನೋಯಿಸುವುದಕ್ಕಿಂತ ತಾನೇ ನೋಯುವುದು ಮೇಲು ಎಂದು ಆ ತಾಯಿ ಮಗನಿಗೆ ಕಲಿಸಿದ್ದಳು. ಅಕ್ಕನ ಮನೆಯನ್ನು ಸಾಕಲು ದುಡಿದು ದುಡಿದೇ ಸತ್ತಿದ್ದಳು. ಅವಳು ನಿನ್ನನ್ನು ಆರಿಸಿಕೊಳ್ಳಬೇಕಿತ್ತಲ್ಲವೇ ಎಂದು ರಿಜೆ ಕೇಳುತ್ತಾಳೆ. ಬಿಳಿ ಹೂವುಗಳು ಕೆಂಪಾಗುತ್ತವೆ. ಕೂದಲು ಬೆಳ್ಳಗಾದ ಕಾನೆಕಿ ಕಟ್ಟು ಹರಿದು ಎದ್ದು, ಹೆಬ್ಬೆರಳಿನಿಂದ ತೋರುಬೆರಳನ್ನು ಒತ್ತಿ ಲಟಕ್ಕೆನಿಸುತ್ತಾನೆ. ಅದು ಯಾಮೊರಿಯ ಅಭ್ಯಾಸ. ಹಿಂಸಿಸಿದವನ ಚಾಳಿ ಹಿಂಸೆ ಉಂಡವನ ಕೈಗೆ ಅಂಟಿಕೊಂಡಿದೆ. ಒಂದು ಬೆರಳಿನ ಸದ್ದಿನಲ್ಲಿ ಇಷ್ಟನ್ನು ಹೇಳಿದ ದೃಶ್ಯವನ್ನು ನಾನು ಅನಿಮೆಯಲ್ಲಿ ಹೆಚ್ಚು ಕಂಡಿಲ್ಲ.

ಅಲ್ಲಿಗೆ ಒಂದು ಪ್ರಶ್ನೆ ನಮ್ಮ ಕೈಗೆ ಬಂತು: ಇಂಥವನು ಮರುದಿನ ಬೆಳಗ್ಗೆ ಎದ್ದು ಏನು ಮಾಡುತ್ತಾನೆ?

ಸುಯಿ ಇಶಿದಾ ತಮ್ಮ ಮಂಗಾದಲ್ಲಿ ಇದಕ್ಕೆ ಕೊಡುವ ಉತ್ತರ ಹೀಗಿದೆ. ಕಾನೆಕಿ ಅಂತೇಕುವಿಗೆ ಮರಳುವುದಿಲ್ಲ. ತನ್ನವರನ್ನು ಕಾಪಾಡಲು ಬಲ ಬೇಕು ಎನ್ನುತ್ತಾನೆ. ಬಾಂಜೊ, ಸುಕಿಯಾಮಾ, ಪುಟ್ಟ ಹಿನಾಮಿ ಎಂಬ ಗೂಲ್‌ಗಳನ್ನು ಸೇರಿಸಿಕೊಂಡು ತನ್ನದೇ ಗುಂಪು ಕಟ್ಟುತ್ತಾನೆ. ತನ್ನ ಹೊಟ್ಟೆಗೆ ಆ ಅಂಗಗಳನ್ನು ಇಟ್ಟ ಡಾಕ್ಟರ್ ಕಾನೊ ಎಲ್ಲಿದ್ದಾನೆ, ಯಾಕೆ ಹಾಗೆ ಮಾಡಿದ ಎಂದು ಹುಡುಕುತ್ತಾನೆ. ಬಲ ಬೇಕೆಂದು ಬೇರೆ ಗೂಲ್‌ಗಳನ್ನೇ ತಿನ್ನುತ್ತಾನೆ. ಅದರಿಂದ ಬುದ್ಧಿ ಕದಡುತ್ತದೆ. ಕಾಪಾಡುತ್ತೇನೆ ಎಂದವರಲ್ಲಿ ಒಬ್ಬನಾದ ಬಾಂಜೊನನ್ನೇ ಇರಿಯುತ್ತಾನೆ. ಆಗ ಅವನಿಗೆ ಅರಿವಾಗುತ್ತದೆ: ತನಗೆ ಬೇಕಾಗಿದ್ದದ್ದು ಯಾರನ್ನೋ ಕಾಪಾಡುವುದಲ್ಲ, ತಾನು ಒಂಟಿಯಾಗದಿರುವುದು. ತಾಯಿ ಕಲಿಸಿದ ಪಾಠದ ಅಡಿಯಲ್ಲಿ ಅಡಗಿದ್ದ ಮಗುವಿನ ಭಯ ಅಲ್ಲಿ ಹೊರಗೆ ಬರುತ್ತದೆ. ತಪ್ಪು ಕಾರಣ ಹಿಡಿದು ಹೊರಟವನು ಆ ತಪ್ಪನ್ನು ತನ್ನ ಕೈಯಾರೆ ಮುಟ್ಟಿ ನೋಡುತ್ತಾನೆ. ಮಂಗಾದ ನಡುಭಾಗದ ಸತ್ವವೆಲ್ಲ ಇದರಲ್ಲಿದೆ.

‘ರೂಟ್ ಎ’ ಕೊಡುವ ಉತ್ತರ ಬೇರೆ. ಕಾನೆಕಿ ಆವೊಗಿರಿಗೇ ಸೇರುತ್ತಾನೆ. ಅಂದರೆ ತನ್ನನ್ನು ಕುರ್ಚಿಗೆ ಕಟ್ಟಿದವರ ಗುಂಪಿಗೆ. ಒಂದು ಕ್ಷಣ ನಿಂತು ಯೋಚಿಸಿ, ಇದು ಎಂಥ ಸಾಧ್ಯತೆ! ನನ್ನ ಮಟ್ಟಿಗೆ ಇದು ಮೂಲಕ್ಕಿಂತ ಭಯಂಕರವಾದ ಕಲ್ಪನೆ. ಹಿಂಸಿಸಿದವನ ಚಾಳಿ ಬೆರಳಿಗೆ ಅಂಟಿದವನು ಈಗ ಹಿಂಸಿಸಿದವನ ಮನೆಗೇ ಹೋಗಿ ವಾಸ ಮಾಡುತ್ತಾನೆ. ಅವರ ಜೊತೆ ಉಣ್ಣಬೇಕು, ಅವರ ಆಜ್ಞೆ ಪಾಲಿಸಬೇಕು, ಅವರಲ್ಲಿ ಕೆಲವರು ತನ್ನಂತೆಯೇ ಎಲ್ಲ ಕಳೆದುಕೊಂಡವರು ಎಂದು ಕಾಣಬೇಕು. ಅಂತೇಕುವಿನಲ್ಲಿ ಕಾನೆಕಿಯ ಜೊತೆಗಿದ್ದ ಗೂಲ್ ಹುಡುಗಿ ತೋಕಾಳ ತಮ್ಮ ಅಯಾತೊ ಅಲ್ಲೇ ಇದ್ದಾನೆ. ಕಾನೆಕಿ, ಅಯಾತೊ ಇಬ್ಬರ ನಡುವೆ ಒಂದು ಇಡೀ ಕಂತಿನ ಮಾತುಕತೆ ಆಗಬಹುದಿತ್ತು. ಆ ಬೀಜದಿಂದ ಮರ ಬೆಳೆಸಬಹುದಿತ್ತು.

ಆದರೆ ಬೀಜ ಬಿತ್ತಿದವರು ನೀರು ಹಾಕಲಿಲ್ಲ. ಆವೊಗಿರಿಗೆ ಹೋಗುತ್ತೇನೆ ಎಂದು ಕಾನೆಕಿ ತೋಕಾಳಿಗೆ ಹೇಳಿ ಹೊರಟುಬಿಡುತ್ತಾನೆ. ಆಮೇಲೆ ಕೆಲವು ಕಂತುಗಳಲ್ಲಿ ಅವನದು ಬೆರಳೆಣಿಕೆಯ ಮಾತು. ಕಟ್ಟಡದ ಮೇಲೆ ನಿಲ್ಲುತ್ತಾನೆ, ಕೆಳಗೆ ನೋಡುತ್ತಾನೆ, ಹೊಡೆದಾಡುತ್ತಾನೆ, ಹೋಗುತ್ತಾನೆ. ಒಳಗಿನಿಂದಲೇ ಆವೊಗಿರಿಯನ್ನು ಮುರಿಯಲು ಹೋದನೇ? ಬಲ ಗಳಿಸಲು ಹೋದನೇ? ತಾನು ಇನ್ನು ಒಳ್ಳೆಯವರ ಜೊತೆ ಬದುಕಲು ಅರ್ಹನಲ್ಲ ಎಂದುಕೊಂಡನೇ? ಈ ಮೂರರಲ್ಲಿ ಯಾವುದಾದರೂ ನಡೆಯುತ್ತಿತ್ತು. ಒಂದನ್ನೂ ಆರಿಸದೆ ಬಿಟ್ಟದ್ದರಿಂದ ನಾವು ನಾಯಕನ ಜೊತೆ ನಡೆಯುವುದನ್ನು ಬಿಟ್ಟು ಅವನನ್ನು ದೂರದಿಂದ ನೋಡುವವರಾದೆವು. ನಿಮಗೆ ಆದ ಗೊಂದಲ ಇದೇ. ಮೊದಲ ಸೀಸನ್ ಕಾನೆಕಿಯ ತಲೆಯೊಳಗೆ ನಿಮಗೆ ಜಾಗ ಕೊಟ್ಟಿತ್ತು. ಎರಡನೆಯದು ನಿಮ್ಮನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡಿತು.

ಇದು ಯಾಕೆ ಹೀಗಾಯಿತು? ತಂಡ ಬದಲಾಯಿತು ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಎರಡೂ ಸೀಸನ್‌ಗಳ ಸ್ಟುಡಿಯೋ ಪಿಯೆರೊ, ನಿರ್ದೇಶಕರು ಶೂಹೇಯಿ ಮೊರಿತಾ, ಕಥಾಸರಣಿ ಜೋಡಿಸಿದವರು ಚೂಜಿ ಮಿಕಾಸಾನೊ, ಸಂಗೀತ ಯುತಾಕಾ ಯಾಮಾದಾ. ಹೊಸ ಕಥೆಯ ಕರಡು ಇಶಿದಾ ಅವರದೇ ಎಂಬುದನ್ನೂ ಆಗ ಪ್ರಕಟಿಸಿದ್ದರು. ಬದಲಾದದ್ದು ಕಾಲದ ಲೆಕ್ಕ. ಮೊದಲ ಸೀಸನ್ 2014ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಬಂತು. ಮಂಗಾದ ಮೊದಲ ಭಾಗವಾದ 143 ಅಧ್ಯಾಯಗಳು ವಾರಪತ್ರಿಕೆಯಲ್ಲಿ ಮುಗಿದದ್ದೂ ಅದೇ ಸೆಪ್ಟೆಂಬರ್‌ನಲ್ಲಿ. ‘ರೂಟ್ ಎ’ ಶುರುವಾದದ್ದು ಮರುವರ್ಷದ ಜನವರಿಯಲ್ಲಿ. ಅನಿಮೆಯಂಥ ಕೆಲಸ ಮೂರು ತಿಂಗಳಲ್ಲಿ ಆಗುವಂಥದ್ದಲ್ಲ. ಚಿತ್ರಕಥೆ, ಅದರ ಮೇಲೆ ದೃಶ್ಯಚಿತ್ರಗಳು, ಆಮೇಲೆ ಸಾವಿರಾರು ಚಿತ್ರಗಳ ಕೈಕೆಲಸ. ಅಂದರೆ ಮೂಲ ಲೇಖಕರು ತಮ್ಮ ಕೊನೆಯನ್ನು ಇನ್ನೂ ಬರೆಯುತ್ತಿದ್ದಾಗಲೇ ಅನಿಮೆಯವರು ತಮ್ಮ ಕೊನೆಯನ್ನು ಕಟ್ಟುತ್ತಿದ್ದರು ಎಂದು ಊಹಿಸಬಹುದು. ಇಂಥ ಸರಣಿಗಳಿಗೆ ಹಣ ಹೂಡುವುದು ಸ್ಟುಡಿಯೋ ಒಂದೇ ಅಲ್ಲ. ಪ್ರಕಾಶಕರು, ಸಂಗೀತ ಕಂಪನಿ, ಡಿಸ್ಕ್ ಮಾರುವವರು ಹೀಗೆ ಹಲವರು ಸೇರಿದ ನಿರ್ಮಾಣ ಸಮಿತಿ ಇರುತ್ತದೆ. ಪ್ರಸಾರದ ಸಮಯವನ್ನು ಮೂರು ಮೂರು ತಿಂಗಳ ಗಂಟುಗಳಾಗಿ ಮೊದಲೇ ಕಾದಿರಿಸಿರುತ್ತಾರೆ. ಕಥೆ ಹಣ್ಣಾಗಲಿ ಬಿಡಲಿ, ಗೊತ್ತುಮಾಡಿದ ವಾರ ಕಂತು ಹೊರಗೆ ಬರಬೇಕು.

ಇನ್ನೊಂದು ಕಾರಣವಿದೆ. ಇದು ನನ್ನ ಅನಿಸಿಕೆ, ಆದರೆ ಎಷ್ಟೋ ಸಲ ನೋಡಿದ ಮೇಲೆ ಗಟ್ಟಿಯಾದದ್ದು. ಮೊರಿತಾ ಚಿತ್ರದಲ್ಲೇ ಮಾತಾಡಬಲ್ಲ ನಿರ್ದೇಶಕರು. ಕಾಡಿನ ಪಾಳು ಗುಡಿಯಲ್ಲಿ ಮಳೆಗೆ ಸಿಕ್ಕಿಬಿದ್ದ ಒಬ್ಬ ಮನುಷ್ಯ ಮತ್ತು ಜನ ಬಳಸಿ ಎಸೆದ ಕೊಡೆ ಬಟ್ಟೆಗಳ ಭೂತಗಳ ಕುರಿತ ಅವರ ಕಿರುಚಿತ್ರ 2014ರಲ್ಲಿ ಆಸ್ಕರ್ ನಾಮನಿರ್ದೇಶನ ಪಡೆದಿತ್ತು. ಅದರಲ್ಲಿ ಮಾತು ತೀರಾ ಕಡಿಮೆ. ಬಣ್ಣ, ಬಟ್ಟೆ, ಕೈಯ ಚಲನೆಯಲ್ಲೇ ಎಲ್ಲವೂ ತಿಳಿಯುತ್ತದೆ. ಆ ಮೌನವನ್ನೇ ಅವರು ಕಾನೆಕಿಗೂ ತೊಡಿಸಿದರು ಎಂದು ನನಗನಿಸುತ್ತದೆ. ಕಿರುಚಿತ್ರದ ಮನುಷ್ಯನಿಗೆ ಹಿನ್ನೆಲೆ ಬೇಕಾಗಿಲ್ಲ, ಅವನ ಕೈಕೆಲಸವೇ ಅವನ ಪರಿಚಯ. ಕಾನೆಕಿ ಹಾಗಲ್ಲ. ಅವನು ಪುಸ್ತಕದ ಹುಳು, ತನ್ನೊಳಗೇ ವಾದ ಮಾಡಿಕೊಳ್ಳುವವನು. ಅವನ ಮಾತನ್ನು ಕಿತ್ತುಕೊಂಡರೆ ಬಿಳಿ ಕೂದಲು, ಕಪ್ಪು ಬಟ್ಟೆ ಮಾತ್ರ ಉಳಿಯುತ್ತದೆ.

ಆ ಮೌನ ಒಮ್ಮೆ ಫಲ ಕೊಟ್ಟದ್ದನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಕೊನೆಯ ಕಂತನ್ನು ಮತ್ತೊಮ್ಮೆ ನೋಡಿ. ಕಾನೆಕಿ ಗೂಲ್ ಎಂದು ತನಗೆ ಮೊದಲೇ ತಿಳಿದಿತ್ತು ಎನ್ನುತ್ತಾನೆ ಗೆಳೆಯ ಹಿದೆ. ಮನೆಗೆ ಹೋಗೋಣ ಎನ್ನುತ್ತಾನೆ. ಅವನ ಮೈಯಿಂದ ರಕ್ತ ಸೋರುತ್ತಿದೆ. ಅಂತೇಕು ಹೊತ್ತಿ ಉರಿಯುತ್ತಿದೆ. ಆಮೇಲೆ ಮಂಜು ಬೀಳುವ ಬೀದಿಯಲ್ಲಿ ಕಾನೆಕಿ ಆ ಗೆಳೆಯನನ್ನು ಎರಡೂ ತೋಳುಗಳಲ್ಲಿ ಹೊತ್ತು ನಡೆಯುತ್ತಾನೆ. ಓಡುವುದಿಲ್ಲ, ಅಳುವುದಿಲ್ಲ. ಮೊದಲ ಸೀಸನ್ನಿನ ಆರಂಭಗೀತೆ ಈಗ ನಿಧಾನವಾಗಿ, ಅಬ್ಬರ ಕಳಚಿಕೊಂಡು ಕೇಳಿಸುತ್ತದೆ. ಬಂದೂಕು ಹಿಡಿದು ಸುತ್ತ ನಿಂತವರು ಗುಂಡು ಹಾರಿಸದೆ ನೋಡುತ್ತಾರೆ. ಬೀದಿಯ ಕೊನೆಯಲ್ಲಿ ಗೂಲ್ ಬೇಟೆಗಾರರಲ್ಲಿ ಎಲ್ಲರಿಗಿಂತ ಬಲಶಾಲಿಯಾದ ಅರಿಮಾ ಕಾಯುತ್ತಿದ್ದಾನೆ. ಕ್ಯಾಮೆರಾ ಕಾನೆಕಿಯ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ, ಅವಸರಿಸುವುದಿಲ್ಲ. ಈ ದೃಶ್ಯ ಅಪ್ಪಟ ಸಿನಿಮಾ. ನೋಡಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಆದರೆ ಗಂಟಲು ಕಟ್ಟುವುದು ಹಿದೆಗಾಗಿ. ಕಾನೆಕಿ ಆ ಹೆಜ್ಜೆಗಳಲ್ಲಿ ಏನನ್ನು ಬಿಟ್ಟುಕೊಡುತ್ತಿದ್ದಾನೆ, ಏನನ್ನು ಒಪ್ಪಿಕೊಂಡು ಅರಿಮಾನ ಎದುರು ನಿಲ್ಲುತ್ತಿದ್ದಾನೆ ಎಂಬುದು ನಮಗೆ ಗೊತ್ತಿಲ್ಲ, ಯಾಕೆಂದರೆ ಹಿಂದಿನ 11 ಕಂತುಗಳು ಅದನ್ನು ಕೂಡಿಡಲಿಲ್ಲ. ಮಂಗಾದಲ್ಲಿ ಈ ಭೇಟಿ ನೆಲದಡಿಯ ಸುರಂಗದಲ್ಲಿ ನಡೆಯುತ್ತದೆ. ಬೇಟೆಗಾರರ ಪಡೆಯ ಅಧಿಕಾರಿ ಅಮೋನ್ ಜೊತೆಗಿನ ಕಾಳಗದಲ್ಲಿ ಹೊಟ್ಟೆಯ ಪಕ್ಕ ಹರಿದುಹೋದ ಕಾನೆಕಿಯ ಬಳಿಗೆ ಹಿದೆ ಬರುತ್ತಾನೆ, ಇನ್ನೊಂದೇ ಸಲ ಬಲವೆಲ್ಲ ಕೂಡಿಸಿ ಹೋರಾಡು ಎನ್ನುತ್ತಾನೆ. ಆಮೇಲೆ ಅಲ್ಲಿ ಏನು ನಡೆಯಿತು ಎಂಬುದನ್ನು ಇಶಿದಾ ವರ್ಷಗಳ ಕಾಲ ಮುಚ್ಚಿಟ್ಟರು. ನೀವು ಓದುವವರಿದ್ದೀರಿ ಎಂಬ ಆಸೆಯಿಂದ ನಾನೂ ಇಲ್ಲಿ ಬಿಚ್ಚುವುದಿಲ್ಲ. ಕಣ್ಣಿಗೆ ಕಾಣುವ ಅಂದದಲ್ಲಿ ಮಂಜಿನ ಬೀದಿಯದೇ ಮೇಲುಗೈ. ಆದರೆ ಎದೆಗೆ ಇಳಿಯುವ ಭಾರದಲ್ಲಿ ಆ ಕೊಳಕು ಸುರಂಗಕ್ಕೆ ಸಾಟಿಯಿಲ್ಲ.

‘ರೂಟ್ ಎ’ಯಲ್ಲಿ ನನಗೆ ನಿಜವಾಗಿ ಹಿಡಿಸಿದ್ದು ಗೂಲ್‌ಗಳ ಪಾಳಯವಲ್ಲ, ಬೇಟೆಗಾರರ ಪಾಳಯ. ತಂದೆಯನ್ನು ಕಳೆದುಕೊಂಡ ಅಕಿರಾ ಮಾದೊ, ಅವಳ ಜೊತೆ ಕೆಲಸ ಮಾಡಲು ತಡವರಿಸುವ ಅಮೋನ್, ಹೊಲಿಗೆ ಹಾಕಿದ ಮೈಯ ಜೂಜೊನನ್ನು ಮಗನಂತೆ ನೋಡಿಕೊಳ್ಳುವ ಶಿನೊಹಾರಾ. ಅಂತೇಕುವಿನ ಮೇಲಿನ ದಾಳಿಗೆ ಮೊದಲು ಅಧಿಕಾರಿಗಳೆಲ್ಲ ಕುಳಿತು ಉಯಿಲು ಬರೆಯುತ್ತಾರೆ. ಈವರೆಗೆ ನಮ್ಮ ಪ್ರೀತಿಯ ಪಾತ್ರಗಳನ್ನು ಬೇಟೆಯಾಡುತ್ತಿದ್ದವರು ಕಾಗದದ ಮುಂದೆ ಪೆನ್ನು ಹಿಡಿದು ಹೆದರುತ್ತಾರೆ. ಆ ಪಾಳಯದ ಒಂದೊಂದು ಪಾತ್ರಕ್ಕೂ ಕಾರಣ ಕೊಟ್ಟ ಸರಣಿ ತನ್ನ ನಾಯಕನಿಗೆ ಮಾತ್ರ ಕೊಡಲಿಲ್ಲ ಎಂಬುದೇ ನನ್ನ ದೊಡ್ಡ ಸಂಕಟ. ಕೆಲಸ ಬಾರದವರು ಮಾಡಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಎರಡನೆಯ ಸೀಸನ್‌ನಲ್ಲಿ ಎಡವಿದ ಬೇರೆ ಸರಣಿಗಳೂ ಇವೆ. 2021ರ ‘ದಿ ಪ್ರಾಮಿಸ್ಡ್ ನೆವರ್‌ಲ್ಯಾಂಡ್’ ಎರಡನೆಯ ಸೀಸನ್ ಮಂಗಾದ ಒಂದು ಇಡೀ ಘಟ್ಟವನ್ನು, ಯೂಗೊ ಎಂಬ ಮುಖ್ಯ ಪಾತ್ರವನ್ನು ಕೈಬಿಟ್ಟು 11 ಕಂತುಗಳಲ್ಲಿ ಎಲ್ಲವನ್ನೂ ಮುಗಿಸಿತು. ಕೊನೆಯ ಎರಡು ಕಂತುಗಳಲ್ಲಿ ಮೂಲ ಲೇಖಕರ ಹೆಸರೇ ಚಿತ್ರಕಥೆಯ ಪಟ್ಟಿಯಲ್ಲಿರಲಿಲ್ಲ. ಅಲ್ಲಿನ ಕಾಯಿಲೆ ಅವಸರ. ‘ರೂಟ್ ಎ’ಯದು ಹಾಗಲ್ಲ, ಅದು ಸಾವಧಾನವಾಗಿಯೇ ನಡೆಯುತ್ತದೆ, ಹೇಳಬೇಕಾದ್ದನ್ನು ಮಾತ್ರ ಹೇಳುವುದಿಲ್ಲ.

ಅವಸರ ಇಲ್ಲಿ ಬರುವುದು ಮುಂದಿನ ಸರಣಿಯಲ್ಲಿ. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರವೂ ಅದೇ. 2018ರ ‘ಟೋಕಿಯೋ ಗೂಲ್: ರಿ’ 24 ಕಂತುಗಳಲ್ಲಿ ಮಂಗಾದ ಎರಡನೆಯ ಭಾಗದ 179 ಅಧ್ಯಾಯಗಳನ್ನು ತುರುಕಿದೆ. ಮೊದಲ ಸೀಸನ್ 12 ಕಂತುಗಳಿಗೆ ಬಳಸಿದ್ದು ಸುಮಾರು 66 ಅಧ್ಯಾಯ. ಅದರಲ್ಲೇ ಸಾಕಷ್ಟು ಕತ್ತರಿ ಆಡಿತ್ತು. ‘ರಿ’ಯಲ್ಲಿ, ಅದರಲ್ಲೂ ಕೊನೆಯ 12 ಕಂತುಗಳಲ್ಲಿ, ಪಾತ್ರಗಳು ಬಂದು ಹೆಸರು ಹೇಳಿಕೊಳ್ಳುವ ಹೊತ್ತಿಗೆ ಸತ್ತಿರುತ್ತವೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ‘ರಿ’ ಮುಂದುವರಿಯುವುದು ‘ರೂಟ್ ಎ’ಯಿಂದಲ್ಲ, ಮಂಗಾದಿಂದ. ಕಾನೆಕಿಯನ್ನು ಕಳೆದುಕೊಂಡು ಸುಕಿಯಾಮಾ ಹಾಸಿಗೆ ಹಿಡಿದಿದ್ದಾನೆ, ಹಿನಾಮಿ ಆವೊಗಿರಿಯಲ್ಲಿದ್ದಾಳೆ. ಅವರಿಬ್ಬರೂ ಕಾನೆಕಿಯ ಗುಂಪಿನಲ್ಲಿ ಅವನ ಜೊತೆ ಬದುಕಿದ ತಿಂಗಳುಗಳನ್ನು ನೀವು ನೋಡೇ ಇಲ್ಲ. ‘ರೂಟ್ ಎ’ಯಲ್ಲಿ ಆ ಗುಂಪೇ ಇಲ್ಲ. ಅವರ ದುಃಖಕ್ಕೆ ಬೇರು ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ನೇರವಾಗಿ ‘ರಿ’ಗೆ ಹೋದರೆ ನಿಮ್ಮ ಗೊಂದಲ ಇಮ್ಮಡಿಯಾಗುತ್ತದೆ. ಈಗ ನೋಡಬೇಡಿ.

ಮಂಗಾ ಓದಿ. ಮೊದಲ ಭಾಗ 14 ಸಂಪುಟ, ‘ರಿ’ 16 ಸಂಪುಟ. ಎರಡೂ ಇಂಗ್ಲಿಷ್ ಅನುವಾದದಲ್ಲಿ ಸಿಗುತ್ತವೆ. ಪುಟಗಳನ್ನು ಬಲದಿಂದ ಎಡಕ್ಕೆ ಓದಬೇಕು, ಎರಡು ಅಧ್ಯಾಯಗಳಲ್ಲಿ ಕಣ್ಣು ಒಗ್ಗಿಕೊಳ್ಳುತ್ತದೆ. ಅನಿಮೆ ನಿಂತಲ್ಲಿಂದ ಶುರು ಮಾಡೋಣ ಎಂದು ಏಳನೆಯ ಸಂಪುಟಕ್ಕೆ ಹಾರಬೇಡಿ. ಮೊದಲ ಸೀಸನ್ ಕೂಡ ಘಟನೆಗಳ ಕ್ರಮವನ್ನು ಹಿಂದುಮುಂದು ಮಾಡಿದೆ, ಕಾನೆಕಿಯ ಎಷ್ಟೋ ಒಳಮಾತುಗಳನ್ನು ಬಿಟ್ಟಿದೆ. ಒಂದನೆಯ ಅಧ್ಯಾಯದಿಂದಲೇ ಹಿಡಿಯಿರಿ. ಇಶಿದಾ ಅವರ ರೇಖೆ ಆರಂಭದಲ್ಲಿ ಸ್ವಲ್ಪ ಒರಟು ಎನಿಸುತ್ತದೆ. ಸಂಪುಟ ಕಳೆದಂತೆ ಅದು ಶಾಯಿಯ ಕಲೆಗಳಾಗಿ, ಗೀಚುಗಳಾಗಿ ಕರಗುತ್ತಾ ಹೋಗುತ್ತದೆ, ಕಾನೆಕಿಯ ಬುದ್ಧಿ ಕದಡುವ ಪುಟಗಳಲ್ಲಿ ಅಕ್ಷರಗಳೂ ಅವನ ಜೊತೆಗೇ ಕದಡುತ್ತವೆ. ಅದನ್ನೆಲ್ಲ ಮುಗಿಸಿದ ಮೇಲೆ ‘ರೂಟ್ ಎ’ಯ ಕೊನೆಯ ಕಂತೊಂದನ್ನು ಮಾತ್ರ, ದೀಪ ಆರಿಸಿ, ಮತ್ತೆ ನೋಡಿ. ಆಗ ಆ ಮಂಜಿನ ಬೀದಿಯಲ್ಲಿ ನಡೆಯುವವನು ಯಾರೆಂದು ನಿಮಗೆ ಗೊತ್ತಿರುತ್ತದೆ.